ಐದು ಜಿಟಿ ಕಾರು, ಒಂದು ದೇವಿಮನೆ ಘಟ್ಟ: ಯಾವುದನ್ನು ಆರಿಸಬೇಕು?

ಗಂಟೆಗೆ 325 ಕಿ.ಮೀ. ಓಡುವ ಕಾರು ಕೊಂಡವರಿಗೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಲು ಎಷ್ಟು ಹೊತ್ತು ಬೇಕು? ಮುಂದೆ ಒಂದು ಟಿಪ್ಪರ್ ಇದ್ದರೆ, ಆಲ್ಟೊದಲ್ಲಿ ಹೋಗುವವರಿಗೆ ಬೇಕಾದಷ್ಟೇ. ಹೆದ್ದಾರಿ 66ರಲ್ಲೂ ಕತೆ ಬೇರೆಯೇನಲ್ಲ. ಚತುಷ್ಪಥದಲ್ಲಿ ಕಾರಿಗೆ ಕಾನೂನಿನ ಮಿತಿ ಗಂಟೆಗೆ 100 ಕಿ.ಮೀ. ಅಷ್ಟನ್ನು ಮುಟ್ಟುವ ಹೊತ್ತಿಗೆ ಡಿವೈಡರ್ ಸಂದಿಯಿಂದ ಒಂದು ಆಕಳು ಹೊರಗೆ ಬಂದಿರುತ್ತದೆ.

ಆದರೂ ಜನ ಕೇಳುತ್ತಾರೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಚೆನ್ನಾಗಿ ದುಡಿದು, ಊರಲ್ಲಿ ದೊಡ್ಡ ಮನೆ ಕಟ್ಟಿಸಿದವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಮ್ಮಿಯೇನಿಲ್ಲ. ಅವರ ಪ್ರಶ್ನೆ ಯಾವಾಗಲೂ ಒಂದೇ: "ಬೆಂಟ್ಲಿ ಒಳ್ಳೇದೋ, ಫೆರಾರಿ ಒಳ್ಳೇದೋ?" ಕೊಳ್ಳುವ ಯೋಚನೆ ಇಲ್ಲದವರೂ ಇದನ್ನೇ ಕೇಳುತ್ತಾರೆ. ಮಾತಾಡುವುದಕ್ಕೆ ತೆರಿಗೆ ಇಲ್ಲ, ಅಲ್ವಾ?

ಹಾಗಾಗಿ ಐದು ಜಿಟಿ ಕಾರು ತೆಗೆದುಕೊಂಡಿದ್ದೇನೆ. ಜಿಟಿ ಅಂದರೆ ಗ್ರ್ಯಾಂಡ್ ಟೂರರ್, ದೂರದ ಊರಿಗೆ ಜೋರಾಗಿಯೂ ಆರಾಮಾಗಿಯೂ ಹೋಗಲು ಮಾಡಿದ ಕಾರು. ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಸ್ಪೀಡ್, ಆಸ್ಟನ್ ಮಾರ್ಟಿನ್ ಡಿಬಿ12, ಫೆರಾರಿ ರೋಮಾ, ಮೆಕ್ಲಾರೆನ್ ಜಿಟಿ, ಪೋರ್ಷೆ 911 ಟರ್ಬೊ ಎಸ್. ಈ ಐದನ್ನೂ ದೇವಿಮನೆ ಘಟ್ಟಕ್ಕೆ ಒಯ್ದು ಒಂದರ ಹಿಂದೆ ಒಂದು ಓಡಿಸಿ ನೋಡಿದವರು ಯಾರೂ ಇರಲಿಕ್ಕಿಲ್ಲ. ನಾನಂತೂ ಅಲ್ಲ. ಕಾರಿನ ಲೆಕ್ಕ ಕಂಪನಿಗಳು ಕೊಟ್ಟದ್ದು, ರಸ್ತೆ ನಮ್ಮದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಮಾತ್ರ ನನ್ನದು.

ನನ್ನ ವಾದ ಇಷ್ಟೇ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವುದನ್ನು ಮೊದಲು ಮರೆತುಬಿಡಿ. ಬೆಂಟ್ಲಿಗೆ 3.2, ಡಿಬಿ12ಗೆ 3.6, ರೋಮಾಕ್ಕೆ 3.4, ಮೆಕ್ಲಾರೆನ್‌ಗೆ 3.2, ಪೋರ್ಷೆಗೆ 2.7. ಆಯ್ತು, ಓದಿದ್ದಾಯ್ತು. ಹೊನ್ನಾವರದ ಸರ್ಕಲ್ಲಿನಲ್ಲಿ ಇವು ಐದೂ ಒಂದೇ. ನಮ್ಮ ಕಡೆ ಕಾರಿನ ಗುಣ ತೀರ್ಮಾನವಾಗುವುದು ಬೇರೆ ಮೂರು ವಿಷಯದಲ್ಲಿ: ಭಾರ ಎಲ್ಲಿ ಕೂತಿದೆ, ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ, ಇಂಜಿನ್ನಿನ ಎಳೆತ ಚಕ್ರಕ್ಕೆ ಎಷ್ಟು ಹದವಾಗಿ ಬರುತ್ತದೆ.

ಮೊದಲು ಹಂಪ್ ದಾಟೋಣ

ಇದನ್ನೇ ಮೊದಲು ಹೇಳುತ್ತೇನೆ. ಇಲ್ಲಿ ಪಾಸಾಗದ ಕಾರಿನ ಉಳಿದ ಗುಣ ಹಾಡಿ ಪ್ರಯೋಜನವಿಲ್ಲ.

ಮೆಕ್ಲಾರೆನ್ ಜಿಟಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 110 ಮಿ.ಮೀ. ಮೂತಿ ಎತ್ತುವ ಲಿಫ್ಟ್ ಗುಂಡಿ ಒತ್ತಿದರೆ 130. ಕೇಳಿದ ತಕ್ಷಣ "ಇದು ನಮ್ಮೂರಿಗೆ ಆಗಲಿಕ್ಕಿಲ್ಲ" ಅನ್ನಿಸುತ್ತದೆ. ಸ್ವಲ್ಪ ತಾಳಿ, ಲೆಕ್ಕ ಹಾಕೋಣ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಂಡಿನ ಹಾಗೆ ನಿಧಾನ ಬಾಗಿರಬೇಕು. ಮೆಕ್ಲಾರೆನ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದು 2.675 ಮೀಟರ್. ಅಂದರೆ ಕಾರಿನ ನಡು ಸರಿಯಾಗಿ ಹಂಪಿನ ನೆತ್ತಿಗೆ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ. ಚಕ್ರಗಳು ನಿಂತ ಮಟ್ಟಕ್ಕಿಂತ ಹಂಪಿನ ನೆತ್ತಿ ಬರೀ 5.3 ಸೆಂ.ಮೀ. ಮೇಲಿರುತ್ತದೆ. 11 ಸೆಂ.ಮೀ.ನಲ್ಲಿ 5.3 ಹೋದರೆ ಇನ್ನೂ 5.7 ಸೆಂ.ಮೀ. ಉಳಿಯಿತು. ಲಿಫ್ಟ್ ಕೂಡ ಬೇಡ, ನಡೆದುಕೊಂಡು ಹೋಗುವ ವೇಗದಲ್ಲಿ ಸಲೀಸಾಗಿ ದಾಟಬಹುದು.

ಮೂತಿಯ ಕತೆ? ಈ ಹಂಪ್ ಶುರುವಾಗುವಲ್ಲಿ ಏರು ಸುಮಾರು 6 ಡಿಗ್ರಿ. ಮೆಕ್ಲಾರೆನ್ ಮೂತಿ 10 ಡಿಗ್ರಿ ಏರಿನವರೆಗೆ ತಾಗುವುದಿಲ್ಲ, ಲಿಫ್ಟ್ ಹಾಕಿದರೆ 13. ಅಲ್ಲೂ ಪಾಸು.

ಹಾಗಾದರೆ ಸೂಪರ್‌ಕಾರುಗಳು ಹಂಪಿನ ಮೇಲೆ ಕೂತುಕೊಂಡು ಒದ್ದಾಡುವ ವಿಡಿಯೊಗಳು ಎಲ್ಲಿಂದ ಬರುತ್ತವೆ? ನಿಯಮದಲ್ಲಿ ಬರೆದ ಹಂಪ್ ಬೇರೆ, ರಸ್ತೆಯಲ್ಲಿರುವ ಹಂಪ್ ಬೇರೆ. ಒಂದು ಅಪಘಾತವಾದ ಮೇಲೆ ಊರವರೇ ಸೇರಿ ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಮಾಡಿದ ಹಂಪ್ ನೋಡಿದ್ದೀರಲ್ಲ? ಎರಡು ಅಡಿ ಅಗಲ, ಅರ್ಧ ಅಡಿ ಎತ್ತರ. ಇದು ಎರಡು ಚಕ್ರದ ನಡುವೆ ಪೂರ್ತಿ ಹಿಡಿಸಿಬಿಡುತ್ತದೆ. ಮುಂದಿನ ಚಕ್ರ ದಾಟಿ ನೆಲಕ್ಕೆ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಆ ಹೊತ್ತಿಗೆ 15 ಸೆಂ.ಮೀ. ಕಾಂಕ್ರೀಟಿಗೆ ಕಾರಿನ ಹೊಟ್ಟೆ ನೇರ ಸಿಗುತ್ತದೆ. 110 ಆದರೇನು, 130 ಆದರೇನು, ಕರ್ ಅಂತ ಶಬ್ದ ಬರುವುದೇ. ಓರೆಯಾಗಿ ದಾಟಿಸಿದರೆ ಮೂತಿ ಉಳಿಯುತ್ತದೆ. ಹೊಟ್ಟೆ ಉಳಿಯುವುದು ಗ್ಯಾರಂಟಿ ಇಲ್ಲ.

ಇದೇ ಲೆಕ್ಕವನ್ನು ಉಳಿದ ಕಾರಿಗೂ ಹಾಕಿ ನೋಡಿ. ನಿಯಮದ ಹಂಪಿನ ಮೇಲೆ ಬೆಂಟ್ಲಿಯ ಹೊಟ್ಟೆ ಕೆಳಗೆ ನೆಲ ಸುಮಾರು 6 ಸೆಂ.ಮೀ. ಮೇಲೆದ್ದು ಬರುತ್ತದೆ, ಏಕೆಂದರೆ ಅದರ ಚಕ್ರಗಳ ಅಂತರ 2.85 ಮೀಟರ್. ಪೋರ್ಷೆಯದು 2.45 ಮೀಟರ್. ಅದಕ್ಕೆ ಬರೀ 4.4 ಸೆಂ.ಮೀ. ಕಾರು ಗಿಡ್ಡವಿದ್ದಷ್ಟೂ ಹಂಪಿಗೆ ಒಳ್ಳೆಯದು. 911ಕ್ಕೆ ಮೂತಿ ಎತ್ತುವ ವ್ಯವಸ್ಥೆ ಬೇಕಿದ್ದರೆ ಹಾಕಿಸಿಕೊಳ್ಳಬಹುದು. ಜಿಪಿಎಸ್ ನೋಡಿ ಜಾಗ ನೆನಪಿಟ್ಟುಕೊಳ್ಳುವಂಥದ್ದೂ ಇದೆ. ಮನೆ ಎದುರಿನ ಹಂಪಿನಲ್ಲಿ ಒಮ್ಮೆ ಹೇಳಿಕೊಟ್ಟರೆ, ಮುಂದಿನ ಸಲ ಅಲ್ಲಿ ಬಂದಾಗ ತಾನೇ ಮೂತಿ ಎತ್ತುತ್ತದೆ. ಈ ಐದು ಕಾರಿನಲ್ಲಿ ನನಗೆ ತುಂಬ ಇಷ್ಟವಾದ ತಂತ್ರಜ್ಞಾನ ಇದೇ. ಬೇಕಿದ್ದರೆ ನಗಿ.

ಘಟ್ಟದಲ್ಲಿ ಭಾರದ ಆಟ

ಈಗ ಘಟ್ಟಕ್ಕೆ ಬರೋಣ. ಜಿಲ್ಲೆಯಲ್ಲಿ ಆಯ್ಕೆಗೆ ಬರವಿಲ್ಲ. ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್, ಕುಮಟಾದಿಂದ ಶಿರಸಿಗೆ ದೇವಿಮನೆ, ಹೊನ್ನಾವರದಿಂದ ಜೋಗದ ಕಡೆಗೆ ಗೇರುಸೊಪ್ಪೆ, ಕಾರವಾರದಿಂದ ಜೋಯಿಡಾ ಕಡೆಗೆ ಅಣಶಿ. ಅರಬೈಲಿನಲ್ಲಿ ಲಾರಿಗಳ ಸಾಲು. ಅಣಶಿಯಲ್ಲಿ ಕಾಡು, ಕಿರಿದಾದ ರಸ್ತೆ. ದೇವಿಮನೆಯಲ್ಲಿ ಎರಡೂ ಸ್ವಲ್ಪ ಸ್ವಲ್ಪ, ಜೊತೆಗೆ ರಸ್ತೆ ಅಗಲ ಮಾಡುವ ಕೆಲಸದ ಕೆಂಪು ರಾಡಿ.

ಐದರಲ್ಲಿ ಭಾರ ಕೂತಿರುವ ಜಾಗ ಬೇರೆ ಬೇರೆ. ಡಿಬಿ12 ಮತ್ತು ರೋಮಾದಲ್ಲಿ ಇಂಜಿನ್ ಮುಂದೆಯೇ ಇದೆ, ಆದರೆ ಮುಂದಿನ ಆಕ್ಸಲಿಗಿಂತ ಹಿಂದಕ್ಕೆ ತಳ್ಳಿ ಕೂರಿಸಿದ್ದಾರೆ. ಗೇರ್‌ಬಾಕ್ಸನ್ನು ಇಂಜಿನ್ನಿಗೆ ಅಂಟಿಸದೆ ಹಿಂದಿನ ಚಕ್ರಗಳ ನಡುವೆ ಇಟ್ಟಿದ್ದಾರೆ. ಹೀಗಾಗಿ ಡಿಬಿ12ರಲ್ಲಿ ಭಾರ ಮುಂದೆ ನೂರಕ್ಕೆ 48, ಹಿಂದೆ 52. ರೋಮಾದಲ್ಲಿ ಅರ್ಧಕ್ಕರ್ಧ. ಮೆಕ್ಲಾರೆನ್ ಇಂಜಿನ್ ನಿಮ್ಮ ಬೆನ್ನ ಹಿಂದೆ. ಪೋರ್ಷೆಯದು ಇನ್ನೂ ಹಿಂದೆ, ಹಿಂದಿನ ಆಕ್ಸಲಿನಿಂದಲೂ ಆಚೆ. ಅದರ ಭಾರದಲ್ಲಿ ಹೆಚ್ಚುಕಮ್ಮಿ ನೂರಕ್ಕೆ 60 ಹಿಂದಿನ ಚಕ್ರದ ಮೇಲೆ.

ಇದರಿಂದ ಏನಾಗುತ್ತದೆ? ದೇವಿಮನೆಯ ಹೇರ್‌ಪಿನ್ ತಿರುವಿನಿಂದ ಮೇಲಕ್ಕೆ ಹೊರಡುವ ಗಳಿಗೆ ನೆನಪು ಮಾಡಿಕೊಳ್ಳಿ. ರಸ್ತೆ ಏರು, ನೀವು ಎಕ್ಸಿಲರೇಟರ್ ಒತ್ತಿದ್ದೀರಿ. ಎರಡೂ ಸೇರಿ ಭಾರವನ್ನು ಹಿಂದಿನ ಚಕ್ರಕ್ಕೆ ತಳ್ಳುತ್ತವೆ. ಪೋರ್ಷೆಗೆ ಅಲ್ಲಿ ಮೊದಲೇ ಭಾರವಿದೆ, ಮೇಲಿಂದ ನಾಲ್ಕು ಚಕ್ರದ ಡ್ರೈವ್. ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲೂ 800 ನ್ಯೂಟನ್ ಮೀಟರ್ ಎಳೆತ ವ್ಯರ್ಥವಾಗದೆ ಮೇಲಕ್ಕೆ ತಳ್ಳುತ್ತದೆ. ಡಿಬಿ12ರಲ್ಲೂ ಎಳೆತ ಅದೇ 800. ಆದರೆ ಹಿಂದಿನ ಎರಡೇ ಚಕ್ರಕ್ಕೆ, ಅದೂ 2,750 ಆರ್‌ಪಿಎಂನಲ್ಲೇ ಪೂರ್ತಿ. ಕೆಂಪು ಮಣ್ಣು ಹರಡಿದ ತಿರುವಿನಲ್ಲಿ ಕಾಲು ಹಗುರ ಇರಲೇಬೇಕು. ಕಂಪನಿಗೂ ಇದು ಗೊತ್ತು. ಹಿಂದಿನ ಎರಡು ಚಕ್ರಕ್ಕೆ ಎಳೆತ ಹಂಚುವ ಡಿಫರೆನ್ಷಿಯಲ್‌ಗೆ ಎಲೆಕ್ಟ್ರಾನಿಕ್ ಕಡಿವಾಣ ಹಾಕಿದ್ದಾರೆ, ಮಳೆಗೆ ಅಂತಲೇ ಒಂದು ಮೋಡ್ ಇಟ್ಟಿದ್ದಾರೆ. ಆದರೂ ಎರಡು ಚಕ್ರ ಎರಡೇ.

ರೋಮಾದ ಜಾಣತನ ಬೇರೆ ಥರದ್ದು. 3.9 ಲೀಟರಿನ ವಿ8 (ಎಂಟು ಸಿಲಿಂಡರಿನ) ಟರ್ಬೊ, 620 ಪಿಎಸ್ (ಹೆಚ್ಚುಕಮ್ಮಿ ಅಷ್ಟೇ ಕುದುರೆಶಕ್ತಿ), 760 ನ್ಯೂಟನ್ ಮೀಟರ್. ಆದರೆ ಪೂರ್ತಿ 760 ಕೆಳಗಿನ ಗೇರುಗಳಲ್ಲಿ ಸಿಗುವುದೇ ಇಲ್ಲ, ಮೇಲಿನ ಗೇರುಗಳಿಗೆ ಮಾತ್ರ. ಎರಡನೇ, ಮೂರನೇ ಗೇರಿನಲ್ಲಿ ಕಂಪ್ಯೂಟರ್, ಇಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಒತ್ತಡವನ್ನು ಹಿಡಿದು ಹಿಡಿದು ಬಿಡುತ್ತದೆ. ಆರ್‌ಪಿಎಂ ಏರಿದ ಹಾಗೆ ಎಳೆತ ಏರುತ್ತ ಹೋಗುತ್ತದೆ. ಟರ್ಬೊ ಇಲ್ಲದ ಹಳೇ ಇಂಜಿನ್ನಿನ ಹಾಗೆ ಕೊನೆಯವರೆಗೂ ಎಳೆಯಬೇಕು ಅನ್ನುವ ಆಸೆ ಹುಟ್ಟಿಸುವುದು ಫೆರಾರಿಯ ಉದ್ದೇಶ. ನಮ್ಮ ಘಟ್ಟದಲ್ಲಿ ಅದರ ಲಾಭ ಬೇರೆ: ಒದ್ದೆ ತಿರುವಿನಲ್ಲಿ ಕಾಲಿನಡಿ ಒಮ್ಮೆಲೇ ಎಲ್ಲವೂ ಬಂದು ಬೀಳುವುದಿಲ್ಲ. ಹಿಂಚಕ್ರದ ಡ್ರೈವ್ ಇದ್ದೂ ಘಟ್ಟದಲ್ಲಿ ಡಿಬಿ12ಕ್ಕಿಂತ ರೋಮಾ ಹೆಚ್ಚು ಸಲುಗೆ ಕೊಡುತ್ತದೆ ಅಂತ ನನ್ನ ಲೆಕ್ಕ. 1,570 ಕೆ.ಜಿ.ಯ ತೂಕವೂ ಅದಕ್ಕೆ ಸೇರಿಕೊಳ್ಳುತ್ತದೆ.

ಮೆಕ್ಲಾರೆನ್ ಇನ್ನೂ ಹಗುರ, 1,530 ಕೆ.ಜಿ. ಕಾರ್ಬನ್ ಫೈಬರಿನ ಗಟ್ಟಿ ತೊಟ್ಟಿ, ಅದರ ಒಳಗೆ ನೀವು. ಉಳಿದ ನಾಲ್ಕರಲ್ಲಿ ಸ್ಟೇರಿಂಗಿಗೆ ಸಹಾಯ ಮಾಡುವುದು ಎಲೆಕ್ಟ್ರಿಕ್ ಮೋಟರ್. ಇದರಲ್ಲಿ ಹಳೇ ಕಾಲದ ಹೈಡ್ರಾಲಿಕ್. ರಸ್ತೆಯ ಒರಟು ಅಂಗೈಗೆ ತಿಳಿಯುತ್ತದೆ ಅಂತ ಓಡಿಸಿದವರೆಲ್ಲ ಹೊಗಳುವುದು ಇದನ್ನೇ. ಬೆಳಿಗ್ಗೆ ಆರು ಗಂಟೆಗೆ, ಒಣ ರಸ್ತೆ, ಖಾಲಿ ಘಟ್ಟ ಸಿಕ್ಕರೆ ಇದಕ್ಕಿಂತ ಖುಷಿ ಕೊಡುವ ಕಾರು ಈ ಪಟ್ಟಿಯಲ್ಲಿಲ್ಲ. ಖಾಲಿ ಘಟ್ಟ ಸಿಗಬೇಕಲ್ಲ!

ಬೆಂಟ್ಲಿ ಬಗ್ಗೆ ಎಲ್ಲರೂ ಹೇಳುವುದು ಒಂದೇ ಮಾತು, ಭಾರ. 2,459 ಕೆ.ಜಿ. ಹೌದು, ಮೆಕ್ಲಾರೆನ್‌ಗಿಂತ 900 ಕೆ.ಜಿ.ಗೂ ಮೇಲೆ ಜಾಸ್ತಿ. 2024ರಲ್ಲಿ ಬಂದ ಈ ನಾಲ್ಕನೇ ತಲೆಮಾರಿನಲ್ಲಿ ಹನ್ನೆರಡು ಸಿಲಿಂಡರಿನ ಇಂಜಿನ್ ಹೋಯಿತು. ಅದರ ಜಾಗಕ್ಕೆ 4 ಲೀಟರಿನ ವಿ8, ಜೊತೆಗೆ 190 ಪಿಎಸ್ ಮೋಟರ್. ಎರಡೂ ಸೇರಿ 782 ಪಿಎಸ್, 1,000 ನ್ಯೂಟನ್ ಮೀಟರ್. 25.9 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು ಹಿಂದಿನ ಆಕ್ಸಲಿನ ಹಿಂದೆ, ಡಿಕ್ಕಿಯ ಅಡಿಗೆ ಇಟ್ಟಿದ್ದಾರೆ. ಇದರಿಂದ ಮೊದಲು ಮೂಗಿನ ಭಾರ ಇದ್ದ ಕಾರು ಈಗ 49:51 ಆಗಿದೆ. ಬೆಲೆ ತೆತ್ತದ್ದು ಡಿಕ್ಕಿ, ಈಗ ಬರೀ 260 ಲೀಟರ್.

ಭಾರದ ಕಾರನ್ನು ತಿರುವಿನಲ್ಲಿ ಹಗುರ ಮಾಡಲು ಬೆಂಟ್ಲಿ ಮಾಡಿದ್ದನ್ನು ನೋಡಬೇಕು. ಹಿಂದಿನ ಚಕ್ರಗಳೂ ತಿರುಗುತ್ತವೆ. ನಿಧಾನ ಹೋಗುವಾಗ ಮುಂದಿನದಕ್ಕೆ ವಿರುದ್ಧ ದಿಕ್ಕಿಗೆ, ಹಾಗಾಗಿ ಹೇರ್‌ಪಿನ್‌ನಲ್ಲಿ ಕಾರು ಗಿಡ್ಡವಾದಂತೆ ನಡೆದುಕೊಳ್ಳುತ್ತದೆ. ಪೋರ್ಷೆಯಲ್ಲೂ ಇದಿದೆ, ಉಳಿದ ಮೂರರಲ್ಲಿ ಇಲ್ಲ. ಎರಡನೆಯದು 48 ವೋಲ್ಟ್ ಮೋಟರಿನ ಆ್ಯಂಟಿ ರೋಲ್ ಬಾರ್. ಸಾಮಾನ್ಯ ಕಾರಿನಲ್ಲಿ ಎಡ, ಬಲ ಚಕ್ರಗಳನ್ನು ಒಂದು ಕಬ್ಬಿಣದ ಸರಳು ಕಟ್ಟಿ ಹಾಕಿರುತ್ತದೆ. ತಿರುವಿನಲ್ಲಿ ಕಾರು ವಾಲದಿರಲು ಅದು ಬೇಕು. ಆದರೆ ನೇರ ರಸ್ತೆಯಲ್ಲಿ ಎಡ ಚಕ್ರ ಹೊಂಡಕ್ಕೆ ಬಿದ್ದರೆ ಅದೇ ಸರಳು ಬಲಕ್ಕೂ ಏಟು ದಾಟಿಸುತ್ತದೆ, ತಲೆ ಆಚೆಗೂ ಈಚೆಗೂ ಅಲ್ಲಾಡುತ್ತದೆ. ಬೆಂಟ್ಲಿಯಲ್ಲಿ ಆ ಸರಳಿನ ನಡುವೆ ಮೋಟರ್. ನೇರ ಹೋಗುವಾಗ ಎರಡು ತುಂಡನ್ನೂ ಬಿಟ್ಟುಬಿಡುತ್ತದೆ, ತಿರುವು ಬಂದರೆ ಬಿಗಿ ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಯ ಎಡ ಅಂಚು ಹೇಗಿರುತ್ತದೆ ಗೊತ್ತಲ್ಲ? ಈ ಒಂದು ಉಪಕರಣಕ್ಕಾಗಿಯೇ ಬೆಂಟ್ಲಿಗೆ ಪೂರ್ತಿ ಅಂಕ ಕೊಡಬಹುದು.

ಟಿಪ್ಪರ್ ಹಿಂದೆ

ಅರಬೈಲಿನಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಗಂಟೆಗೆ 15 ಕಿ.ಮೀ. ನಿಲ್ಲು, ಹೊರಡು, ಮತ್ತೆ ನಿಲ್ಲು. ಇಲ್ಲಿ ಗೇರ್‌ಬಾಕ್ಸಿನ ಜಾತಿ ಮುಖ್ಯ. ರೋಮಾ, ಮೆಕ್ಲಾರೆನ್, ಪೋರ್ಷೆಗಳಲ್ಲಿ ಡ್ಯುಯಲ್ ಕ್ಲಚ್, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್. ಗೇರ್ ಬದಲಾಗುವುದು ಕಣ್ಣು ಮಿಟುಕಿಸುವುದರೊಳಗೆ. ಆದರೆ ಏರಿನಲ್ಲಿ ತೆವಳುವಾಗ ಕ್ಲಚ್ ಅರ್ಧ ಜಾರುತ್ತಲೇ ಇರಬೇಕು, ಬಿಸಿಯಾಗುತ್ತದೆ. ಬ್ರೇಕ್ ಬಿಟ್ಟು ಎಕ್ಸಿಲರೇಟರಿನಲ್ಲೇ ಏರಿನಲ್ಲಿ ನಿಲ್ಲಿಸುವ ಚಟ ಇದ್ದವರು ಆ ಚಟ ಬಿಡಬೇಕು. ಡಿಬಿ12ರದು ಝಡ್‌ಎಫ್ ಕಂಪನಿಯ 8 ಗೇರಿನ ಆಟೊಮ್ಯಾಟಿಕ್, ಟಾರ್ಕ್ ಕನ್ವರ್ಟರ್ ಇರುವಂಥದ್ದು. ಕ್ಲಚ್ ಬದಲು ಎಣ್ಣೆಯ ಮೂಲಕ ಎಳೆತ ದಾಟುವುದರಿಂದ ತೆವಳಾಟದಲ್ಲಿ ಇದೇ ನಯ.

ಬೆಂಟ್ಲಿಯಲ್ಲೂ ಡ್ಯುಯಲ್ ಕ್ಲಚ್ಚೇ. ಆದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಮೋಟರ್ ಇದೆ. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ ಇಂಜಿನ್ ಆಫ್ ಆಗಿಯೇ ಇರುತ್ತದೆ, ಕಾರು ಸದ್ದಿಲ್ಲದೆ ಲಾರಿಯ ಹಿಂದೆ ಹತ್ತುತ್ತದೆ. ಕಾಗದದ ಮೇಲೆ ಬರೀ ಕರೆಂಟಿನಲ್ಲೇ 81 ಕಿ.ಮೀ. ಹೋಗುತ್ತದೆ ಅಂತಾರೆ. ಘಟ್ಟ ಹತ್ತುವಾಗ ಅಷ್ಟೆಲ್ಲ ಸಿಗಲಾರದು. ಘಟ್ಟ ಮುಗಿಯುವಷ್ಟು ಸಾಕಲ್ಲ.

ಇಳಿಯುವಾಗ ಇನ್ನೊಂದು ಲೆಕ್ಕವಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಹೆಚ್ಚುಕಮ್ಮಿ ಸಮುದ್ರದ ಪಕ್ಕ. ಇಬ್ಬರು ಕೂತ ಬೆಂಟ್ಲಿ ಆ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4.2 ಯೂನಿಟ್, ನಮ್ಮ ಹೆಸ್ಕಾಂ ಬಿಲ್ಲಿನ ಯೂನಿಟ್. ರೋಮಾದ್ದು 2.8. ಗಾಳಿ, ಟೈರಿನ ಘರ್ಷಣೆ ಒಂದಿಷ್ಟು ತಿಂದು ಉಳಿದದ್ದನ್ನು ಇಂಜಿನ್ ಬ್ರೇಕಿಂಗ್ ಅಥವಾ ಬ್ರೇಕ್ ಪ್ಯಾಡ್ ನುಂಗಬೇಕು. ಬೆಂಟ್ಲಿ ಮಾತ್ರ ಒಂದು ಭಾಗವನ್ನು ಬ್ಯಾಟರಿಗೆ ವಾಪಸ್ ತುಂಬಿಕೊಳ್ಳುತ್ತದೆ. ಒಂದೇ ಎಚ್ಚರಿಕೆ: ಶಿರಸಿಯ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಹಾಕಿ ಬೆಳಿಗ್ಗೆ ತುಂಬಿದ ಬ್ಯಾಟರಿಯಲ್ಲಿ ಘಟ್ಟ ಇಳಿದರೆ, ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಮೇಲಿನ ಊರವರು ಮುಕ್ಕಾಲು ಚಾರ್ಜ್ ಮಾಡಿ ಹೊರಡುವುದು ಒಳ್ಳೆಯದು.

ಬ್ರೇಕಿನ ಬಗ್ಗೆ ಇನ್ನೊಂದು ಮಾತು. ಕಾರವಾರದ ಉಪ್ಪು ಗಾಳಿಗೆ ಕಬ್ಬಿಣದ ಡಿಸ್ಕ್ ಎರಡೇ ದಿನ ನಿಲ್ಲಿಸಿದರೂ ತುಕ್ಕಿನ ಬಣ್ಣ ಹಿಡಿಯುತ್ತದೆ. ಓಡಿಸಿದರೆ ಹೋಗುತ್ತದೆ ನಿಜ. ಆದರೆ ಇಂಥ ಕಾರನ್ನು ದಿನಾ ಓಡಿಸುವವರು ಯಾರು? ರೋಮಾ ಮತ್ತು ಟರ್ಬೊ ಎಸ್‌ಗೆ ಕಾರ್ಬನ್ ಸೆರಾಮಿಕ್ ಡಿಸ್ಕ್ ಕಂಪನಿಯಿಂದಲೇ ಬರುತ್ತದೆ. ಅದಕ್ಕೆ ತುಕ್ಕಿಲ್ಲ, ತೂಕ ಕಡಿಮೆ, ಬಿಸಿಗೆ ಹೆದರುವುದಿಲ್ಲ. ಡಿಬಿ12ಗೆ ಬೇಕಿದ್ದರೆ ಹಾಕಿಸಬಹುದು, 27 ಕೆ.ಜಿ. ಉಳಿಯುತ್ತದೆ. ಒಂದು ಕೊರತೆ ಹೇಳಬೇಕು. ಜೋರು ಮಳೆಯಲ್ಲಿ ತುಂಬ ಹೊತ್ತು ಬ್ರೇಕ್ ಮುಟ್ಟದೆ ಹೋದರೆ, ಸೆರಾಮಿಕ್ ಡಿಸ್ಕ್ ಮೊದಲ ಒತ್ತಿಗೆ ಒಂದು ಗಳಿಗೆ ತಡವಾಗಿ ಹಿಡಿಯಬಹುದು. ನಡುನಡುವೆ ಸುಮ್ನೆ ಹಗುರವಾಗಿ ಒತ್ತಿ ಒಣಗಿಸಿಕೊಳ್ಳುತ್ತಿರಬೇಕು.

ಮಳೆ

ಜೂನ್ ಬಂದ ಮೇಲೆ ಸೂಪರ್‌ಕಾರನ್ನು ಶೆಡ್ಡಿನಲ್ಲಿಡಿ ಅನ್ನುವುದು ಸುಲಭದ ಸಲಹೆ. ಆದರೆ ನಮ್ಮ ಕಡೆ ಅದು ವರ್ಷದ ಮೂರನೇ ಒಂದು ಭಾಗ!

ಅಗಲ ಟೈರು ಒಣ ರಸ್ತೆಯಲ್ಲಿ ವರ, ನೀರಿನಲ್ಲಿ ಶಾಪ. ಡಿಬಿ12ರ ಹಿಂದಿನ ಟೈರ್ 325 ಮಿ.ಮೀ. ಅಗಲ, ಪೋರ್ಷೆಯದು 315. ಅಷ್ಟು ಅಗಲದ ರಬ್ಬರ್ ತನ್ನ ದಾರಿಯ ನೀರನ್ನೆಲ್ಲ ಪಕ್ಕಕ್ಕೆ ತಳ್ಳಬೇಕು. ತಳ್ಳಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಇದಕ್ಕೆ ನಾಲ್ಕು ಚಕ್ರದ ಡ್ರೈವ್ ಕೂಡ ಮದ್ದಲ್ಲ. ಹೆದ್ದಾರಿಯ ತಗ್ಗಿನಲ್ಲಿ ನೀರು ನಿಂತಿದ್ದರೆ 650 ಪಿಎಸ್ ಇದ್ದವರೂ ಕಾಲು ತೆಗೆಯಲೇಬೇಕು. ಪೋರ್ಷೆ ಇಲ್ಲಿ ಒಂದು ಚಂದದ ಉಪಾಯ ಮಾಡಿದೆ. ಮುಂದಿನ ಚಕ್ರದ ಗೂಡಿನೊಳಗೆ ಧ್ವನಿ ಸಂವೇದಕಗಳಿವೆ. ಟೈರು ಚಿಮ್ಮಿಸಿದ ನೀರು ಗೂಡಿಗೆ ಬಡಿಯುವ ಸದ್ದನ್ನು ಕೇಳಿ, ರಸ್ತೆ ಎಷ್ಟು ಒದ್ದೆ ಅಂತ ಅಂದಾಜು ಮಾಡಿ, ವೆಟ್ ಮೋಡಿಗೆ ಹೋಗಿ ಅಂತ ನಿಮಗೆ ಹೇಳುತ್ತದೆ. ರೋಮಾದಲ್ಲಿ ಸ್ಟೇರಿಂಗಿನ ಮೇಲಿರುವ ಚಿಕ್ಕ ತಿರುಗುಣಿಯನ್ನು ನೀವೇ ವೆಟ್ ಕಡೆಗೆ ತಿರುಗಿಸಬೇಕು. ಈ ತಿರುಗುಣಿ ಪರವಾಗಿಲ್ಲ. ಆದರೆ ರೋಮಾದ ಉಳಿದ ಸ್ಟೇರಿಂಗ್ ಗುಂಡಿಗಳು ಮುಟ್ಟಿದರೆ ಸಾಕು ಅನ್ನುವ ಥರದವು. ಅಂಕೋಲಾದ ಮೇ ತಿಂಗಳ ಸೆಕೆಯಲ್ಲಿ, ಬೆವರಿದ ಬೆರಳಿಗೆ ಇವು ಸರಿಯಾಗಿ ಸ್ಪಂದಿಸುತ್ತವೆ ಅಂತ ನನಗಂತೂ ನಂಬಿಕೆಯಿಲ್ಲ. 2025ರಲ್ಲಿ ರೋಮಾದ ಜಾಗಕ್ಕೆ ಬಂದ ಅಮಾಲ್ಫಿಯಲ್ಲಿ ಫೆರಾರಿಯೇ ಒತ್ತುವ ಗುಂಡಿಗಳನ್ನು ವಾಪಸ್ ತಂದಿದೆ. ಶಕ್ತಿಯೂ 640ಕ್ಕೆ ಏರಿದೆ.

ಅಗಲದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ರೋಮಾ 1,974 ಮಿ.ಮೀ., ಬೆಂಟ್ಲಿ 1,966, ಪೋರ್ಷೆ 1,900, ಕನ್ನಡಿ ಬಿಟ್ಟು. ಅಣಶಿ ಘಟ್ಟದ ತಿರುವಿನಲ್ಲಿ ಎದುರಿಗೆ ವಾಯವ್ಯ ಸಾರಿಗೆಯ ಬಸ್ ಬಂದಾಗ ಈ ಏಳು ಸೆಂ.ಮೀ. ಬೆಲೆ ಗೊತ್ತಾಗುತ್ತದೆ.

ಸಾಮಾನು, ಸೀಟು, ಮಾವಿನಹಣ್ಣು

ಒಳಗಿನ ಚರ್ಮ, ಹೊಲಿಗೆ, ಸ್ಪೀಕರ್ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಬೆಂಟ್ಲಿ ಎಲ್ಲರಿಗಿಂತ ಮುಂದೆ, ಡಿಬಿ12 ಅದರ ಹಿಂದೆ, ಉಳಿದವು ಚೆನ್ನಾಗಿವೆ. ಹಿಂದಿನ ಸೀಟು ಬೆಂಟ್ಲಿಯಲ್ಲಿ ಮಾತ್ರ ನಿಜ. ಡಿಬಿ12, ರೋಮಾ, ಪೋರ್ಷೆಗಳಲ್ಲಿ ಮಕ್ಕಳಿಗೋ ಚೀಲಕ್ಕೋ. ಮೆಕ್ಲಾರೆನ್‌ನಲ್ಲಿ ಎರಡೇ ಸೀಟು.

ವಿಚಿತ್ರ ಅಂದರೆ ಸಾಮಾನಿಗೆ ಅತಿ ಹೆಚ್ಚು ಜಾಗ ಇರುವುದು ಮೆಕ್ಲಾರೆನ್‌ನಲ್ಲೇ. ಮುಂದೆ 150 ಲೀಟರ್, ಹಿಂದೆ 420. ಡಿಬಿ12ರ ಡಿಕ್ಕಿ 262, ರೋಮಾದ್ದು 272. ಆದರೆ ಮೆಕ್ಲಾರೆನ್‌ನ ಆ 420 ಲೀಟರ್ ಇರುವುದು ಇಂಜಿನ್ನಿನ ನೆತ್ತಿಯ ಮೇಲೆ, ಮೇಲೊಂದು ಗಾಜಿನ ಬಾಗಿಲು. ಬಿಸಿ ತಡೆಯಲು ಕಂಪನಿ ಏನೇನೋ ಮಾಡಿದೆ. ಆದರೂ ಕೆಳಗೆ ವಿ8, ಮೇಲೆ ಕರಾವಳಿಯ ಬಿಸಿಲು. ಅಂಕೋಲಾದಲ್ಲಿ ಕರಿ ಈಶಾಡು ಮಾವಿನಹಣ್ಣಿನ ಪೆಟ್ಟಿಗೆ ಇಟ್ಟುಕೊಂಡು ಬೆಂಗಳೂರಿಗೆ ಹೊರಟರೆ, ಮುಟ್ಟುವಷ್ಟರಲ್ಲಿ ರಸಾಯನಕ್ಕೆ ಹದವಾಗಿರುತ್ತವೆ. ಮೊದಲೇ ತೆಳು ಸಿಪ್ಪೆಯ ಹಣ್ಣು ಅದು. ಹಣ್ಣನ್ನು ಮುಂದಿನ ಡಿಕ್ಕಿಯಲ್ಲಿಡಿ, ಬಟ್ಟೆ ಹಿಂದೆ.

ನಾಲ್ವರು ದೊಡ್ಡವರು ಕೂರಲೇಬೇಕು, ಬೆಂಟ್ಲಿಯಷ್ಟು ಭಾರ ಬೇಡ ಅನ್ನುವವರು ಪಟ್ಟಿಯ ಹೊರಗಿನ ಮಾಸೆರಾಟಿ ಗ್ರಾನ್‌ಟುರಿಸ್ಮೊ ಒಮ್ಮೆ ನೋಡಬಹುದು. 3 ಲೀಟರಿನ ವಿ6, ಟ್ರೊಫಿಯೊ ಮಾದರಿಯಲ್ಲಿ 550 ಪಿಎಸ್, ನಾಲ್ಕು ಚಕ್ರದ ಡ್ರೈವ್, ಏರ್ ಸಸ್ಪೆನ್ಷನ್.

ದುಡ್ಡಿನ ಬಗ್ಗೆ ಚುಟುಕಾಗಿ

ಎಲ್ಲವೂ ಕೋಟಿಗಳಲ್ಲೇ. ಕಾರಿನ ಬೆಲೆಯ ಜೊತೆ ಕರ್ನಾಟಕದ ಜೀವಾವಧಿ ತೆರಿಗೆ ಮರೆಯಬೇಡಿ. 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ನೂರಕ್ಕೆ 18, ಅದರ ಮೇಲೆ ಸೆಸ್. ನಾಲ್ಕು ಕೋಟಿಯ ಕಾರಿಗೆ 72 ಲಕ್ಷ ಬರೀ ತೆರಿಗೆ. ಬೇರೆ ರಾಜ್ಯದ ನಂಬರ್ ಪ್ಲೇಟ್ ಹಾಕಿಕೊಂಡು ತಿರುಗುವ ಉಪಾಯ ಹೇಳಿಕೊಡುವವರು ಸಿಗುತ್ತಾರೆ. ಆರ್‌ಟಿಒದವರಿಗೂ ಆ ಉಪಾಯ ಗೊತ್ತು. ಇನ್ನು ಸರ್ವಿಸ್. ಈ ಐದರ ಒಂದು ವರ್ಕ್‌ಶಾಪೂ ಜಿಲ್ಲೆಯಲ್ಲಿಲ್ಲ. ಟೈರ್ ಒಡೆದರೂ ಫ್ಲ್ಯಾಟ್‌ಬೆಡ್ ಲಾರಿ ಕಾಯಬೇಕು, ಅದೂ ದೇವಿಮನೆಯ ನಡುವೆ, ಅಲ್ಲಿ ಫೋನಿಗೆ ಸಿಗ್ನಲ್ ಸಿಕ್ಕರೆ. ಹೈ ಆಕ್ಟೇನ್ ಪೆಟ್ರೋಲ್ ಯಾವ ಬಂಕಿನಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ನನ್ನ ಆಯ್ಕೆ

ಕಾರವಾರದಲ್ಲೋ ಭಟ್ಕಳದಲ್ಲೋ ಮನೆ, ಓಡಾಟವೆಲ್ಲ ಗೋವಾ, ಮಂಗಳೂರು ಕಡೆಗೆ ಹೆದ್ದಾರಿಯಲ್ಲಿ ಅನ್ನುವವರಿಗೆ ಬೆಂಟ್ಲಿ. ಬೇರೆ ಮಾತಿಲ್ಲ. ಮಳೆ, ಹೊಂಡ, ಮನೆಯವರು, ಎಲ್ಲದಕ್ಕೂ ಸೈ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರು, ವಾರಕ್ಕೊಮ್ಮೆ ಘಟ್ಟ ಇಳಿದು ಹತ್ತುವವರು ಪೋರ್ಷೆ ತೆಗೆದುಕೊಳ್ಳಿ. 2025ರಲ್ಲಿ ಬಂದ 711 ಪಿಎಸ್ ಹೈಬ್ರಿಡ್ ಬೇಕು ಅಂತಿಲ್ಲ, ಹಿಂದಿನ 650ರದ್ದೇ ಸಾಕು. ಮೂತಿ ಎತ್ತುವ ಲಿಫ್ಟ್ ಇಲ್ಲದ ಕಾರನ್ನು ಮಾತ್ರ ಎಷ್ಟು ಕಮ್ಮಿಗೆ ಕೊಟ್ಟರೂ ಮುಟ್ಟಬೇಡಿ. "ಇದು ಜಿಟಿ ಅಲ್ಲ, ಸ್ಪೋರ್ಟ್ಸ್ ಕಾರು" ಅನ್ನುವವರು ಇದ್ದಾರೆ. ಇರಲಿ. ಗಿಡ್ಡ ಕಾರು, ಒದ್ದೆಯಲ್ಲಿ ಹಿಡಿತ, ಕಿರಿದಾದ ಮೈ, ಹಿಂದೆ ಒಂದು ಚೀಲ ಇಡಲು ಜಾಗ. ಘಟ್ಟದವರಿಗೆ ಇನ್ನೇನು ಬೇಕು?

ಡಿಬಿ12 ಬೇಸಿಗೆಯ ಕಾರು, ನೋಡಲು ಐದರಲ್ಲಿ ಅತಿ ಚಂದ. ನವೆಂಬರಿನಿಂದ ಮೇವರೆಗೆ, ನಿಧಾನದಲ್ಲೂ ನಯ ಬೇಕು ಅನ್ನುವವರಿಗೆ. ರೋಮಾ ಓಡಿಸುವ ಆಸೆ ಇರುವವರಿಗೆ, ಸ್ಟೇರಿಂಗ್ ಗುಂಡಿಗಳ ಜೊತೆ ತಾಳ್ಮೆಯೂ ಇದ್ದರೆ. ಮೆಕ್ಲಾರೆನ್ ದುಬೈಯಲ್ಲೇ ಇರಲಿ. ಊರಿಗೆ ತರಲೇಬೇಕು ಅಂತಿದ್ದರೆ ಒಂದು ಕೆಲಸ ಮಾಡಿ.

ಹೆದ್ದಾರಿಯ ಹಂಪಿಗಿಂತ ಮೊದಲು ತೊಂದರೆ ಕೊಡುವುದು ನಿಮ್ಮ ಸ್ವಂತ ಗೇಟು. ನಮ್ಮ ಕಡೆ ಮನೆ ರಸ್ತೆಗಿಂತ ಮೇಲೆಯೋ ಕೆಳಗೆಯೋ ಇರುತ್ತದೆ, ನಡುವೆ ಗಟಾರ, ಗಟಾರದ ಮೇಲೆ ಒಂದು ಕಡಿದಾದ ಕಾಂಕ್ರೀಟ್ ಏರು. ಒಂದು ಮೀಟರ್ ಉದ್ದದ ಪಟ್ಟಿ ತಗೊಳ್ಳಿ. ಮೇಲಿನಿಂದ ಅಳೆಯಿರಿ: ಏರಿನ ಮೇಲೆ ಒಂದು ತುದಿ ಇಟ್ಟು, ಮಟ್ಟಗೋಲು ನೋಡಿ ಪಟ್ಟಿಯನ್ನು ಇಳಿಯುವ ಕಡೆಗೆ ಸಮವಾಗಿ ಚಾಚಿ, ಇನ್ನೊಂದು ತುದಿಯಿಂದ (ಅದೂ ಏರಿನ ಮೇಲೇ ಇರಲಿ) ನೆಲಕ್ಕೆ ಟೇಪ್ ಹಿಡಿಯಿರಿ. 17 ಸೆಂ.ಮೀ. ಒಳಗೆ ಬಂದರೆ ಮೆಕ್ಲಾರೆನ್ ಹಾಗೇ ಹತ್ತುತ್ತದೆ. 23ರೊಳಗೆ ಬಂದರೆ ಲಿಫ್ಟ್ ಹಾಕಿ ಹತ್ತುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಶೋರೂಮಿಗಿಂತ ಮೊದಲು ಗಾರೆ ಕೆಲಸದವರಿಗೆ ಫೋನ್ ಮಾಡಿ.